ಬಿಳಿಕೆರೆ ಬಸ್‌ಸ್ಟಾಪಿನ ದಾಸವಾಳ

ಅಕ್ಕಿ ತೊಳೆದ ನೀರನ್ನು ನಾನು ಸಿಂಕಿಗೆ ಚೆಲ್ಲುವವಳಲ್ಲ. ಅವತ್ತು ಬೆಳಿಗ್ಗೆಯೂ ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲನ್ನು ಒಲೆಯ ಮೇಲಿಟ್ಟು, ಅಕ್ಕಿ ನೀರಿನ ಪಾತ್ರೆ ಹಿಡಿದು ಕಾಂಪೌಂಡಿನೊಳಗೆ ಒಂದು ಸುತ್ತು ಬಂದೆ. ಕನಕಾಂಬರಕ್ಕೆ ಸ್ವಲ್ಪ, ಕರಿಬೇವಿಗೆ ಸ್ವಲ್ಪ, ಉಳಿದದ್ದು ಮಲ್ಲಿಗೆ ಬುಡಕ್ಕೆ. ಹುಣಸೂರಿನ ಸುತ್ತ ಹೊಗೆಸೊಪ್ಪು ಬೇಯಿಸುವ ಕಾಲ. ಗಾಳಿಯಲ್ಲಿ ಸೌದೆಯ ಹೊಗೆ, ಬೆಂದ ಎಲೆಯ ಒಂಥರಾ ಸಿಹಿ ವಾಸನೆ. ನಲ್ಲಿ ನೀರು ಬರುವ ದಿನವಾದ್ದರಿಂದ ಕಿವಿ ಸಂಪಿನ ಕಡೆಗೇ ಇತ್ತು. ಅಷ್ಟರಲ್ಲಿ ನೈಟಿಯ ಜೇಬಿನೊಳಗೆ ಫೋನು ಟಿಣ್ ಎಂದಿತು.

ಇಮೇಲ್ ಬಂದಿತ್ತು. ನನಗೆ ಯಾರು ಇಮೇಲ್ ಕಳಿಸುತ್ತಾರೆ? ತೆರೆದು ನೋಡಿದರೆ ಫೋರಂನಿಂದ. ಎಷ್ಟೋ ವರ್ಷಗಳಿಂದ ಅಲ್ಲಿಂದ ಸದ್ದೇ ಇರಲಿಲ್ಲ. 'ನೀವು ಓದುತ್ತಿದ್ದ ಚರ್ಚೆಗೆ ಹೊಸ ಉತ್ತರ ಬಂದಿದೆ' ಎಂದು ಮೇಲೆ ಇತ್ತು, ಅದರ ಕೆಳಗೆ ಇಷ್ಟೇ: 'ಹುಣಸೂರಿನ ಹೊಗೆಸೊಪ್ಪಿನಕ್ಕ, ಇದ್ದೀರಾ? ಬಿಳಿಕೆರೆ ಬಸ್‌ಸ್ಟಾಪಿನಲ್ಲಿ ನಾನು ಬಿಟ್ಟು ಹೋಗಿದ್ದ ದಾಸವಾಳ ನಿಮ್ಮ ಹತ್ತಿರ ಇನ್ನೂ...'

ಮುಂದಿನದನ್ನು ಓದಬೇಕಾದರೆ ಲಾಗಿನ್ ಆಗಬೇಕಂತೆ.

"ಹಾಲು ಉಕ್ತು ಕಣೇ!" ಒಳಗಿನಿಂದ ನಮ್ಮ ಯಜಮಾನರ ಕೂಗು. ಕೂಗಿದರೇ ಹೊರತು ಒಲೆ ಆರಿಸಲಿಲ್ಲ.

ಆ ಫೋರಂ ಎಂದರೆ ಗಿಡ ಬೆಳೆಸುವ ಹೆಂಗಸರ ಒಂದು ಜಾಲತಾಣ. ಒಬ್ಬರು ಒಂದು ಪ್ರಶ್ನೆ ಹಾಕಿದರೆ ಅದರ ಕೆಳಗೆ ಉತ್ತರಗಳು ಒಂದರ ಕೆಳಗೊಂದು ಬಂದು ಕೂರುತ್ತಿದ್ದವು. ಮೈಸೂರಿನ ಒಬ್ಬರು ಅದನ್ನು ನಡೆಸುತ್ತಿದ್ದರು. ಅಲ್ಲಿ ಯಾರಿಗೂ ಯಾರ ಹೆಸರೂ ಬೇಕಿರಲಿಲ್ಲ. ಪಿರಿಯಾಪಟ್ಟಣದವರು, ಕೆ.ಆರ್. ನಗರದವರು, ಕೋಟೆ ತಾಲ್ಲೂಕಿನ ಎನ್. ಬೇಗೂರಿನವರು, ಹೀಗೆ ಊರಿನಿಂದಲೇ ಗುರುತು. ಬಿಳಿ ತಿಗಣೆಗೆ ಹೊಗೆಸೊಪ್ಪು ನೆನೆಸಿದ ನೀರು ಸಿಂಪಡಿಸಿ ಎಂದು ನಾನು ಒಮ್ಮೆ ಬರೆದಿದ್ದೆ. ಅದು ಎಲ್ಲರಿಗೂ ಉಪಯೋಗವಾಯಿತು, ನನ್ನ ಹೆಸರು ಹೊಗೆಸೊಪ್ಪಿನಕ್ಕ ಎಂದಾಯಿತು. ಕಾನ್ವೆಂಟಿನಲ್ಲಿ ಬಿಳಿ ಸಾಕ್ಸ್ ಹಾಕಿಕೊಂಡು ಬೆಳೆದವಳಿಗೆ ಬಂದ ಬಿರುದು ಅದು.

ಅಲ್ಲಿ ನಮ್ಮದೊಂದು ಆಟವಿತ್ತು. ಕೇಳಿ ಈಸಿಕೊಂಡ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಹಿಡಿಯುತ್ತದೆ ಎಂದು ನಮ್ಮ ಕಡೆ ಹೆಂಗಸರೆಲ್ಲ ನಂಬುತ್ತಾರಲ್ಲ, ಅದನ್ನೇ ನಾವು ಕಾನೂನು ಮಾಡಿಕೊಂಡಿದ್ದೆವು. ಯಾರೂ ಯಾರಿಗೂ ಗಿಡವನ್ನು ಕೈಗೆ ಕೊಡುವಂತಿಲ್ಲ. ಎಲ್ಲೋ ಒಂದು ಕಡೆ ಇಟ್ಟು ಹೋಗಬೇಕು, ಬೇಕಾದವರು ಬಂದು 'ಕದಿಯಬೇಕು'. ಕೆ.ಆರ್. ನಗರದ ರಸ್ತೆಯೂ ಹುಣಸೂರಿನ ರಸ್ತೆಯೂ ಕೂಡುವ ಜಾಗ ಬಿಳಿಕೆರೆ. ಅಲ್ಲಿಯ ಬಸ್‌ಸ್ಟಾಪಿನ ಕಲ್ಲುಬೆಂಚಿನ ಕೆಳಗೆ, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಕೆ.ಆರ್. ನಗರದವರು ದಾಸವಾಳದ ರೆಂಬೆಗಳನ್ನು ಇಟ್ಟು ಹೋದರು. ನಾನು ಮುಂದಿನ ಬಸ್ಸಿನಲ್ಲಿ ಹೋಗಿ, ಆ ಕಡೆ ಈ ಕಡೆ ನೋಡಿ, ಎತ್ತಿಕೊಂಡು ಬಂದೆ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವನು, "ಅದು ನಿಮ್ದಾ ಮೇಡಂ?" ಎಂದು ಕೇಳಿದ. ನಿಯಮದ ಪ್ರಕಾರ ಹೌದು ಎನ್ನುವ ಹಾಗಿಲ್ಲ, ಅಲ್ಲ ಎಂದರೆ ಬಿಡುವ ಹಾಗೂ ಕಾಣಲಿಲ್ಲ. ಒಂದು ಎಳನೀರು ಕುಡಿದು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಇಷ್ಟಾದರೂ ಕೆ.ಆರ್. ನಗರದವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಆ ದಾಸವಾಳ ಎಲ್ಲ ಕಡೆ ಕಾಣುವಂಥದ್ದಲ್ಲ. ಕೆನೆ ಬಣ್ಣ, ಎಸಳು ಒತ್ತೊತ್ತಾಗಿ ಮುದುರಿಕೊಂಡಿರುತ್ತದೆ, ಬಿಡಿಸಿ ನೋಡಿದರೆ ಬುಡದಲ್ಲಿ ಮಾತ್ರ ಎಳೆಗೆಂಪು. ಗೇಟಿನ ಹೊರಗೆ, ಚರಂಡಿ ಪಕ್ಕದ ಮಣ್ಣಿನಲ್ಲಿ ನೆಟ್ಟಿದ್ದೆ. ಆಳೆತ್ತರ ಬೆಳೆದಿತ್ತು. ಪಕ್ಕದ ಮನೆಯವಳಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಆ ಮುದ್ರಿದ ಊವಿಗೆ ಅಷ್ಟೊಂದ್ ನೀರು ಉಯ್ತೀರಲ್ಲಕ್ಕ, ಒಳ್ಳೆ ಒದ್ದೆ ಬಟ್ಟೆ ಇಂಡಿ ಬಿಸಾಕ್ದಂಗೆ ಐತೆ" ಎನ್ನುತ್ತಿದ್ದಳು. ಹೋದ ವರ್ಷ ಚರಂಡಿ ಕೆಲಸಕ್ಕೆ ಬಂದ ಯಂತ್ರ, ನಾವು ಊರಲ್ಲಿಲ್ಲದ ದಿನ, ಅದನ್ನು ಬೇರುಸಮೇತ ಎತ್ತಿ ಹಾಕಿತ್ತು. ಬಂದು ನೋಡಿದಾಗ ಒಣಗಿ ಹೋಗಿತ್ತು. ಈಗ ಅಲ್ಲಿ ಕಾಂಕ್ರೀಟು ಚಪ್ಪಡಿ.

ಅಂದರೆ ಇಮೇಲಿನ ಪ್ರಶ್ನೆಗೆ ನನ್ನ ಉತ್ತರ 'ಇಲ್ಲ' ಎಂದು. ಅಷ್ಟು ಹೇಳಲಿಕ್ಕೂ ಒಳಗೆ ಹೋಗಬೇಕಲ್ಲ?

ಪಾಸ್‌ವರ್ಡ್ ನೆನಪಿಲ್ಲ. ರೊಟ್ಟಿ ತಟ್ಟುತ್ತಾ ಒಂದು ಹಾಕಿ ನೋಡಿದೆ, ತಪ್ಪು. ಡಬ್ಬಿ ಕಟ್ಟುತ್ತಾ ಇನ್ನೊಂದು, ಅದೂ ತಪ್ಪು. ಫೋನಿನ ಗಾಜಿಗೆಲ್ಲ ಹಿಟ್ಟಿನ ಬೆರಳಚ್ಚು. ಸಂಪು ತುಂಬಿ ಹರಿದದ್ದು ಗೊತ್ತಾಗಲಿಲ್ಲ.

"ಬ್ಯಾಂಕಿನ ಪಿನ್ ಮರೆತಾಗ್ಲೂ ನೀನು ಇಷ್ಟು ಒದ್ದಾಡಲಿಲ್ಲ," ಎಂದರು ಯಜಮಾನರು, ಶೂ ಹಾಕಿಕೊಳ್ಳುತ್ತಾ.

"ಬ್ಯಾಂಕಿನವರು ನನ್ನ ಇದ್ದೀರಾ ಅಂತ ಕೇಳಲ್ಲ ರೀ," ಎಂದೆ.

"ಒಂದು ಗ್ರೂಪ್ ಇದ್ಯಲ್ಲ ನಿಮ್ಮದು, ಅದರಲ್ಲೇ ಕೇಳು."

ಗ್ರೂಪು ಇದೆ. ಫೋರಂನಲ್ಲಿದ್ದವರಲ್ಲಿ ಕೆಲವರು ಸೇರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೆವು. ಸುಲಭ ಅಂತ. ಅಲ್ಲಿ ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಶುಭೋದಯ, ಹಬ್ಬಕ್ಕೆ ಹಬ್ಬದ್ದು, ನಡುವೆ ಯಾರೋ ಮಾರುವ ಸೀರೆ. ಬೆಳಿಗ್ಗೆ ಕೇಳಿದ ಪ್ರಶ್ನೆ ಮಧ್ಯಾಹ್ನಕ್ಕೆ ಎಲ್ಲೋ ತಳದಲ್ಲಿ. ಯಾರು ಯಾವಾಗ ಗ್ರೂಪು ಬಿಟ್ಟರು ಎಂಬುದೂ ತಿಳಿಯಲಿಲ್ಲ. ಕೆ.ಆರ್. ನಗರದವರಂತೂ ಅದಕ್ಕೆ ಸೇರಲೇ ಇಲ್ಲ. ಫೋರಂನಲ್ಲಿ ನಾವು ಜಗಳವಾಡಿ ದೂರವಾಗಿದ್ದರೆ ಜಗಳವಾದರೂ ನೆನಪಿರುತ್ತಿತ್ತು. ಹಾಗೇನೂ ಆಗಲಿಲ್ಲ. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲಿಲ್ಲ, ಅಷ್ಟೇ.

ಯಜಮಾನರು ಆಫೀಸಿಗೆ ಹೋದ ಮೇಲೆ 'ಪಾಸ್‌ವರ್ಡ್ ಮರೆತಿದ್ದೀರಾ' ಎಂಬುದನ್ನು ಒತ್ತಿದೆ. ಅಲ್ಲಿ ಒಂದು ಪ್ರಶ್ನೆ ಬಂತು. ಫೋರಂ ನಡೆಸುವವರೇ ತಮಾಷೆಗೆ ಇಟ್ಟಿದ್ದ ಪ್ರಶ್ನೆ: 'ನೀವು ಮೊಟ್ಟಮೊದಲು ಕದ್ದ ಗಿಡ ಯಾವುದು?'

ಮಲ್ಲಿಗೆ ಎಂದೆ. ಅಲ್ಲ. ಕನಕಾಂಬರ, ಡೇರೆ, ಸೇವಂತಿಗೆ. ಅಲ್ಲ. ಕುಕ್ಕರ್ ಇಟ್ಟೆ, ಇಳಿಸಿದೆ, ಎಷ್ಟು ಕೂಗಿತು ಎಂದು ಗಮನಿಸಲಿಲ್ಲ. ಬಟ್ಟೆ ಒಣಹಾಕುವಾಗ ಒಂದು ಬಿಳಿ ಸಾಕ್ಸ್ ಕೈಗೆ ಬಂತು. ಅದನ್ನು ಕೊಡವುವಾಗ ನೆನಪಾಯಿತು: ಟೇಬಲ್ ರೋಸ್! ಕಾನ್ವೆಂಟಿನಲ್ಲಿ ಮಾತೆಯ ಪ್ರತಿಮೆ ಇಟ್ಟಿದ್ದ ಗವಿಯ ಮುಂದೆ ಕಲ್ಲುಗಳ ನಡುವೆ ಹಾಸಿದಂತೆ ಬೆಳೆದಿತ್ತು. ಬಿಸಿಲೇರಿದರೆ ಅರಳುವ ಪುಟಾಣಿ ಹೂವು. ಒಂದು ಕಡ್ಡಿ ಮುರಿದು ಸಾಕ್ಸಿನೊಳಗೆ ತುರುಕಿಕೊಂಡು ತಿರುಗಿದರೆ ಸಿಸ್ಟರ್ ನಿಂತಿದ್ದರು. "ಗೇಟು ಹಾಕಿಕೊಂಡು ಹೋಗು" ಎಂದಷ್ಟೇ ಹೇಳಿ ಜಪಸರ ಹಿಡಿದು ಮುಂದಕ್ಕೆ ಹೋದರು.

ಟೇಬಲ್ ರೋಸ್ ಎಂದು ಹಾಕಿದೆ. ಫೋರಂನ ಬಾಗಿಲು ತೆರೆಯಿತು.

ಒಳಗೆ ಎಲ್ಲವೂ ಇಟ್ಟಲ್ಲೇ ಇತ್ತು. ಫೋಟೋಗಳು ಮಾತ್ರ ಇರಲಿಲ್ಲ. ಅವನ್ನು ನಾವು ಹಾಕುತ್ತಿದ್ದ ಇನ್ನೊಂದು ಜಾಲತಾಣ ಮುಚ್ಚಿಹೋಗಿ, ಹೂವಿದ್ದ ಜಾಗದಲ್ಲೆಲ್ಲ ಬೂದು ಚೌಕಗಳು. ಕೆಳಗೆ ಮಾತುಗಳು ಹಾಗೇ ಇದ್ದವು. 'ಅಯ್ಯೋ ಎಂಥಾ ಬಣ್ಣ!' ಎಂದು ಯಾರೋ ಬೂದು ಚೌಕಕ್ಕೆ ಹೇಳಿದ್ದರು. ನಾನೇ ಇರಬೇಕು.

ಕೆ.ಆರ್. ನಗರದವರು ಬರೆದದ್ದು ಇದು: 'ಅಮ್ಮನಿಗೆ ಈಗ ಮರೆವು. ಒಮ್ಮೊಮ್ಮೆ ನನ್ನನ್ನೇ ಯಾರು ನೀವು ಅಂತಾರೆ. ಆದರೆ ಬೆಳಿಗ್ಗೆ ಹೂಬುಟ್ಟಿ ಹಿಡಿದು ಹಿತ್ತಲಿಗೆ ಹೋಗೋದು ಮರೆತಿಲ್ಲ. ದಾಸವಾಳ ಇದ್ದ ಜಾಗದಲ್ಲಿ ನಿಂತು, ಯಾರು ಕಿತ್ತರು ಅಂತ ಕೇಳ್ತಾರೆ. ಗೆದ್ದಲು ಹಿಡಿದು ಹೋಯಿತು ಅಂದರೆ ನಂಬಲ್ಲ. ನರ್ಸರಿಯದು ತಂದು ನೆಟ್ಟೆ, ಇದು ನಮ್ಮದಲ್ಲ ಅಂತ ಮುಟ್ಟಲಿಲ್ಲ. ದಿನಾ ಖಾಲಿ ಬುಟ್ಟಿ ಹಿಡಿದು ವಾಪಸ್ ಬರೋದನ್ನ ನೋಡಕ್ಕಾಗಲ್ಲ. ನಿಮ್ಮ ಹತ್ತಿರ ಇದ್ದರೆ ಒಂದೇ ಒಂದು ರೆಂಬೆ.'

ಅದರ ಕೆಳಗೆ ನೋಡಿ ನನಗೆ ಆಶ್ಚರ್ಯವಾಯಿತು. ಆ ಇಮೇಲ್ ನನಗೊಬ್ಬಳಿಗೇ ಬಂದಿರಲಿಲ್ಲ. ಹಳಬರೆಲ್ಲ ಬೆಳಿಗ್ಗೆಯಿಂದ ಬರುತ್ತಲೇ ಇದ್ದರು. ಪಿರಿಯಾಪಟ್ಟಣದವರು: 'ನಾನಿದ್ದೇನೆ. ಹುಣಸೂರಿನವರು ಆ ದಾಸವಾಳ ನನಗೂ ಕೊಡ್ತೀನಿ ಅಂದಿದ್ದರು, ಇನ್ನೂ ಕಾಯ್ತಿದ್ದೇನೆ!' ಎನ್. ಬೇಗೂರಿನವರು: 'ನಾನೂ ಇದ್ದೇನೆ. ನನ್ನ ಗಿಡಗಳನ್ನ ಆನೆ ಬೇಲಿ ಸಮೇತ ತುಳಿದು ಹೋಯ್ತು. ಸಿಗ್ನಲ್ ಸಿಕ್ಕಾಗ ಬರ್ತಾ ಇರ್ತೀನಿ.' ಕೊನೆಗೆ ಫೋರಂ ನಡೆಸುವವರು: 'ಈ ತಿಂಗಳು ಮುಚ್ಚಿಬಿಡೋಣ ಅಂತ ಕೂತಿದ್ದೆ. ಈ ದಾಸವಾಳದ ವಿಷಯ ಒಂದು ದಡ ಸೇರಲಿ, ಆಮೇಲೆ ನೋಡೋಣ. ಹುಣಸೂರಕ್ಕ ಬರಲಿ, ಅವರ ಹತ್ತಿರ ಇರದೇ ಇರತ್ತಾ?'

'ಇಲ್ಲ' ಎಂದು ಬರೆದೆ. ಅಳಿಸಿದೆ. 'ಚರಂಡಿಯವರು' ಎಂದು ಶುರುಮಾಡಿ ಅದನ್ನೂ ಅಳಿಸಿದೆ. ಕೊನೆಗೆ, 'ನಾನಿದ್ದೇನೆ. ಸಂಜೆ ಬರೆಯುತ್ತೇನೆ' ಎಂದಷ್ಟು ಹಾಕಿದೆ. ತಪ್ಪಾಯಿತು. ನಾನು ಬಂದದ್ದಕ್ಕೆ ಅಲ್ಲಿ ಸಂಭ್ರಮವೋ ಸಂಭ್ರಮ. ಕೆ.ಆರ್. ನಗರದವರು ಆ ಕ್ಷಣವೇ ಬರೆದರು: 'ಗೊತ್ತಿತ್ತು ನನಗೆ! ಅಮ್ಮನಿಗೆ ಹೇಳಿಬಿಟ್ಟೆ, ಹೂವು ಸಿಕ್ತು ಅಂತ.'

ಊಟ ಸೇರಲಿಲ್ಲ. ಹಿಂದಿನ ಗೋಡೆಯ ಹತ್ತಿರ ಒಣಗಿದ ಆ ಗಿಡದ ಒಂದು ಕಡ್ಡಿಯನ್ನು ಹೋದ ವರ್ಷವೇ ಕುಂಡದಲ್ಲಿ ಚುಚ್ಚಿಟ್ಟಿದ್ದೆ, ಚಿಗುರದಿದ್ದರೂ ಎತ್ತಿ ಬಿಸಾಡಿರಲಿಲ್ಲ. ಹೋಗಿ ಉಗುರಿನಿಂದ ಸಿಪ್ಪೆ ಕೆರೆದೆ. ಹಸಿರು ಕಂಡರೆ ಜೀವ ಇದೆ ಎಂದು. ಕಂದು. ಇನ್ನೂ ಕೆಳಗೆ ಕೆರೆದೆ, ಅಲ್ಲೂ ಕಂದು. ತರಕಾರಿ ಚೀಲ ಹಿಡಿದು ಹೊರಟು, ತರಕಾರಿ ಅಂಗಡಿಯನ್ನು ದಾಟಿ, ಪಕ್ಕದ ಬೀದಿಗಳಲ್ಲಿ ಮನೆಮನೆಯ ಕಾಂಪೌಂಡು ಇಣುಕುತ್ತಾ ನಡೆದೆ. ಕೆಂಪು ದಾಸವಾಳ, ಹಳದಿ ದಾಸವಾಳ, ಒಂದು ಕಡೆ ಕೆನೆಯಂಥದ್ದೇ ಕಂಡು ಓಡಿದರೆ ಒಣಹಾಕಿದ ಕರವಸ್ತ್ರ.

"ಯಾರ ಮನೆ ಹುಡುಕ್ತಿದ್ದೀರಮ್ಮ?" ಜಗುಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೇಳಿದರು.

"ಒಂದು ಹೂವು ಅಜ್ಜಿ."

"ಮಾರ್ಕೆಟ್ಟು ಆ ಕಡೆ," ಎಂದು ಕೈ ತೋರಿಸಿದರು.

ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಬೀಗ ತೆಗೆಯುವಾಗ, ಖಾಲಿ ಬುಟ್ಟಿ ಹಿಡಿದು ಹಿತ್ತಲಿನಿಂದ ಬರುವ ಆ ತಾಯಿಯ ನೆನಪಾಗಿ, ಚೀಲವನ್ನು ಮಡಚಿ ಒಳಗಿಟ್ಟೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯವಳು ಬಿಳಿಕೆರೆ ಪಕ್ಕದ ತಮ್ಮ ಹಳ್ಳಿಯಿಂದ ಬಂದಳು. ಅಲ್ಲಿ ಅವರ ಹೊಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಲ್ಲ ಇದೆ. ಈ ಕಾಲದಲ್ಲಿ ಅವಳು ಬೆಳಿಗ್ಗೆ ಹೋದರೆ ಬರುವುದು ಕತ್ತಲಿಗೇ. ಹಸಿ ಎಲೆಯ ಅಂಟಿಗೆ ಕೈ ಕಪ್ಪಾಗಿತ್ತು. ಕಾಂಪೌಂಡಿನ ಆ ಕಡೆ ನಲ್ಲಿಯ ಹತ್ತಿರ ಕೂತು ಹುಣಸೆಹಣ್ಣು ಹಾಕಿ ಉಜ್ಜತೊಡಗಿದಳು. ನಾನು ಈ ಕಡೆ ನಿಂತು ಫೋನನ್ನು ಕೈಯಿಂದ ಕೈಗೆ ಬದಲಾಯಿಸುತ್ತಿದ್ದೆ.

"ಯಾಕಕ್ಕ, ಮುಖ ಒಂಥರಾ ಐತೆ? ಅಣ್ಣಾರು ಏನಾರ ಅಂದ್ರಾ?"

ಹೇಳಿಬಿಟ್ಟೆ. ಬೆಳಿಗ್ಗೆಯ ಇಮೇಲ್, ಕೆ.ಆರ್. ನಗರದ ತಾಯಿ, ಹೂಬುಟ್ಟಿ, ಹೂವು ಸಿಕ್ಕಿತು ಎಂದು ಆಗಲೇ ಹೇಳಿಬಿಟ್ಟಿದ್ದು, ಎಲ್ಲ. ನೋಡಿಯೇ ಇರದವರಿಗೆ ಇಷ್ಟು ಒದ್ದಾಟವೇ ಎಂದು ನಗುತ್ತಾಳೇನೋ ಎಂದುಕೊಂಡೆ. ಅವಳು ಬೆರಳಸಂದಿ ಉಜ್ಜಿಕೊಳ್ಳುತ್ತಲೇ ಇದ್ದಳು.

"ಇವತ್ತೇ ಬರೆದು ಮುಗಿಸ್ತೀನಿ, ಇಲ್ಲ ಅಂತ," ಎಂದೆ. "ಹೂವು ಸಿಗಲಿಲ್ಲ ಅಂತ ಅವರು ಆ ತಾಯಿಗೆ ಇನ್ನೊಂದು ಸಲ ಹೇಳಬೇಕಾಗತ್ತೆ, ಅಷ್ಟೇ ಸಂಕಟ."

"ಯಾವ್ದು, ಆ ಇಂಡಿದ್ ಬಟ್ಟೆಯಂಗಿತ್ತಲ್ಲ, ಅದಾ?" ಎಂದಳು ತಲೆ ಎತ್ತದೆ. "ಅದು ನಮ್ ಬ್ಯಾರನ್ ಪಕ್ಕ ಚಾವಣಿ ಮುಟ್ಟಂಗೆ ಬೆಳ್ದದೆ ಬುಡಿ. ಯಾವಾಗ್ಲೋ ನೀವು ಒಳಗಿದ್ದಾಗ ಒಂದ್ ರೆಂಬೆ ಮುರ್ಕಂಡೋಗಿದ್ದೆ. ಬೇಕಾದ್ರೆ ನಾಳೀಕೆ ಓಗಿ ಮುರ್ಕಳಿ, ಬೇಲಿ ಅತ್ರನೇ ಐತೆ. ನನ್ನ ಮಾತ್ರ ಕೇಳ್ಬ್ಯಾಡಿ ಕಣಕ್ಕ, ಕೇಳಿ ಇಸ್ಕಂಡಿದ್ದು ಚಿಗುರಾಕಿಲ್ಲ."