ಮೂರನೆಯ ಕೂಗಿಗೆ ಕಾಯದೆ

ನಮ್ಮ ಅಜ್ಜಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ಕುಲೆಗಳ ಮೇಲೂ ಅಷ್ಟೇ ನಂಬಿಕೆ. ಆದಿತ್ಯವಾರ ಇಗರ್ಜಿಯಲ್ಲಿ ಎಲ್ಲರಿಗಿಂತ ಮುಂದೆ ಮೊಣಕಾಲೂರುವವಳು, ಮುಸ್ಸಂಜೆ ಹೊರಗಿನಿಂದ ಯಾರೇ ಕರೆದರೂ ತಟ್ಟನೆ ಓಗೊಡುತ್ತಿರಲಿಲ್ಲ. ಸತ್ತವರ ಕುಲೆ ಒಂದು ಸಲ ಕರೆಯುತ್ತದೆ, ಹೆಚ್ಚೆಂದರೆ ಎರಡು ಸಲ. ಮೂರನೆಯ ಸಲ ಕರೆಯುವುದು ಮನುಷ್ಯರು ಮಾತ್ರ. ಮೊದಲ ಕರೆಗೇ 'ಓ' ಅಂದವರು ಕುಲೆಯ ಹಿಂದೆಯೇ ಹೋಗಿಬಿಡುತ್ತಾರೆ. ಕಡಬದ ಆಚೆಗಿನ ಆ ಊರಿನಲ್ಲಿ ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಇದೇ ಪಾಠ. ಪಾದ್ರಿಗಳು ಬೈದರೆ ಅಜ್ಜಿ, "ಪೇಟೆಯಲ್ಲಿ ಇದ್ದವರಿಗೆ ಎಂತ ಗೊತ್ತುಂಟು?" ಎಂದು ಮೂಗು ಮುರಿಯುತ್ತಿದ್ದಳು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಊರಿಗೆ ಸಿಡುಬು ಬಂತು. ನಮ್ಮ ಮನೆಯ ಎದುರು ಹರಿಯುವ ತೋಡಿನ ಆಚೆಗೆ ಒಂದು ಮುಳಿಹುಲ್ಲಿನ ಮನೆ, ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಮೊದಲು ಹೋದ. ಹೆಣ ಸಾಗಿಸಿದವರು ತಿರುಗಿ ಆ ಕಡೆ ಕಾಲಿಡಲಿಲ್ಲ. ಆಮೇಲೆ ಹೆಂಡತಿಯೂ ಮಲಗಿದಳಂತೆ, ಸತ್ತೂ ಹೋದಳಂತೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ಆ ಹುಲ್ಲಿನ ಮಾಡಿನಿಂದ ಹೊಗೆ ಏಳುವುದು ನಿಂತಿತ್ತು, ಅಷ್ಟೇ ಸಾಕ್ಷಿ.

ಅಪ್ಪ ಕೆಲಸಕ್ಕೆಂದು ಘಟ್ಟದ ಮೇಲೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಮೊಲೆ ಕುಡಿಯುವ ತಮ್ಮ. ದಾರಿಯಲ್ಲಿ ಜನರಿಲ್ಲ, ಗದ್ದೆಯಲ್ಲಿ ಮಾತಿಲ್ಲ. ಆ ಮನೆಯ ನಾಯಿ ಮಾತ್ರ ತೋಡು ದಾಟಿ ಬಂದು, ನಮಗೆ ಬೆನ್ನು ಮಾಡಿ, ತನ್ನ ಮನೆಯನ್ನೇ ನೋಡುತ್ತ ಕೂತಿರುತ್ತಿತ್ತು. ಅದು ಬೊಗಳದಿರುವುದೇ ನನಗೆ ಹೆದರಿಕೆ.

ಒಂದು ಸಂಜೆ ನಾವು ದೇವರ ಪಟದ ಮುಂದೆ ಜಪಸರ ಹಿಡಿದು ಕೂತಿದ್ದಾಗ ಕರೆ ಬಂತು.

"ಬಾಯಮ್ಮಾ..."

ನಮ್ಮ ಕ್ರೈಸ್ತ ಹೆಂಗಸರನ್ನು ಊರವರು ಕರೆಯುತ್ತಿದ್ದುದೇ ಹಾಗೆ. ದನಿ ಸಪೂರ, ಕೊಡದೊಳಗಿಂದ ಬಂದ ಹಾಗೆ. ಅಜ್ಜಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಕಾದೆವು. ಎರಡನೆಯ ಕರೆ ಬರಲೇ ಇಲ್ಲ. ಅಂಗಳದಾಚೆ ನಾಯಿಯ ಬಾಲ ನೆಲ ಗುಡಿಸುವ ಸದ್ದು ಮಾತ್ರ.

"ನಾಯಿಗೆ ಕುಲೆ ಕಾಣ್ತದೆ," ಎಂದಳು ಅಜ್ಜಿ.

ಮರುದಿನ ಅದೇ ಹೊತ್ತಿಗೆ ಅದೇ ದನಿ, ಮತ್ತೆ ಒಂದೇ ಸಲ. ಈ ಸಲ ಅಮ್ಮ ಜಪವನ್ನು ಅರ್ಧಕ್ಕೇ ನಿಲ್ಲಿಸಿದಳು. ಸಾಯುವ ಹೊತ್ತಿಗೆ ನಮ್ಮ ಜೊತೆ ಇರು ಎಂದು ದೇವಮಾತೆಯನ್ನು ಬೇಡುವ ಜಾಗ ಅದು. ಅವಳು ಎದ್ದು ನಿಂತಳು.

"ಅತ್ತೆ, ನಾನು ಹೋಗಿ ನೋಡ್ತೇನೆ."

"ಎಂತ ಹುಚ್ಚು ನಿಂಗೆ? ಸತ್ತವಳು ಕರೆಯುದು ಅದು. ಸತ್ತಿರದಿದ್ರೂ ಮೈಯಲ್ಲಿ ಮಾರಿ ಉಂಟು. ಈ ಮಗುವಿನ ಗತಿ ಎಂತ?"

"ಸತ್ತಿದ್ರೆ ಅವಳಿಗೆ ನನ್ನಿಂದ ಎಂತ ಆಗ್ಬೇಕು ಅತ್ತೆ? ಬದುಕಿದ್ರೆ? ಹೆದರ್ಬೇಡ, ನಾನಿದ್ದೇನೆ ಅಂತ ದೇವರು ಹೇಳುದನ್ನು ದಿನಾ ಕೇಳುದು ನಾವು. ನಂಬುದಾದ್ರೆ ಇವತ್ತೇ ನಂಬಬೇಕು. ನಂಗೂ ಹೆದರಿಕೆ ಉಂಟು."

ಹೆದರಿಕೆ ಇತ್ತು. ದೇವರ ದೀಪದಿಂದ ತೆಂಗಿನ ಗರಿಯ ಸೂಟೆ ಹೊತ್ತಿಸುವ ಮೊದಲು ಅವಳು ಎರಡು ಸಲ ಶಿಲುಬೆಯ ಗುರುತು ಮಾಡಿಕೊಂಡಳು. ತಮ್ಮನ ನೆತ್ತಿ ಮೂಸಿ, ಅಜ್ಜಿಯ ಮಡಿಲಿಗೆ ಹಾಕಿ, "ಅಲ್ಲಿಂದ ಕರೆದ್ರೆ ಓಗೊಡಿ," ಎಂದಷ್ಟೇ ಹೇಳಿ ಇಳಿದು ಹೋದಳು. ನಾಯಿ ಎದ್ದು ಅವಳ ಮುಂದೆ ಮುಂದೆ ನಡೆಯಿತು.

ಸೂಟೆಯ ಬೆಳಕು ತೋಡು ದಾಟಿತು, ಆ ಮನೆಯ ಬಾಗಿಲಲ್ಲಿ ಒಮ್ಮೆ ನಿಂತಿತು, ಆಮೇಲೆ ಆರಿಹೋಯಿತು. ಅಮ್ಮ ಇಳಿದಾಗಿನಿಂದ ಅಳುತ್ತಿದ್ದ ತಮ್ಮ ಕೂಡ ಅಳು ನಿಲ್ಲಿಸಿದ. ನನಗೆ ಅಮ್ಮ ಬೇಕಿತ್ತು, ಬೇರೇನೂ ಬೇಡವಾಗಿತ್ತು.

"ಅತ್ತೇ..."

ಅದು ಅಮ್ಮನ ದನಿಯ ಹಾಗೆ ಇರಲಿಲ್ಲ. ನೀರಿನ ಮೇಲೆ ಹಾದು ಬಂದು ಯಾರದೋ ಆಗಿತ್ತು. ನಾನು ಅಜ್ಜಿಯ ಸೆರಗು ಹಿಡಿದೆ. ಎರಡನೆಯ ಕರೆ ಬರಲಿಲ್ಲ. ಅಜ್ಜಿ ಜಪಸರದ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದು, ಹೊಸ್ತಿಲು ದಾಟಿ, ಕತ್ತಲಿಗೆ ಮುಖ ಕೊಟ್ಟು, "ಓ!" ಎಂದಳು. ಜೀವ ಹೋದರೆ ಹೋಗಲಿ ಎಂಬ ಹಾಗೆ.

"ಜೀವ ಉಂಟು ಅತ್ತೆ! ಗಂಜಿ ತೋಡಿನ ಹತ್ರ ತಂದಿಡಿ!"

ಅಮ್ಮ ಅಲ್ಲೇ ಉಳಿದಳು. ರೋಗ ಮನೆಗೆ ಬರಬಾರದೆಂದು ಆ ಬೇಸಿಗೆ ಮುಗಿಯುವವರೆಗೆ ತೋಡು ದಾಟಲಿಲ್ಲ. ಮುಸ್ಸಂಜೆ ಒಮ್ಮೆ ಕರೆಯುತ್ತಿದ್ದಳು, ಅಜ್ಜಿ ಓಗೊಡುತ್ತಿದ್ದಳು. ರೋಗ ಅವಳನ್ನು ಮುಟ್ಟಲಿಲ್ಲ. ಆದರೆ ದನದ ಹಾಲಿಗೆ ಒಗ್ಗಿದ ತಮ್ಮ, ಅವಳು ಮರಳಿ ಬಂದಾಗ ಮೊಲೆಯಿಂದ ಮುಖ ತಿರುಗಿಸಿದ. ಅಮ್ಮ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು.

ಆ ಹೆಂಗಸು ಬದುಕಿದಳು. ಮುಖವೆಲ್ಲ ಕಲೆ, ಒಂದು ಕಣ್ಣು ಹೋಯಿತು. ನಡೆಯುವಷ್ಟು ಚೇತರಿಸಿದ ಮೇಲೆ ನಮ್ಮ ಅಂಗಳದ ತುದಿಯಲ್ಲಿ ಕೂತು ಗಂಜಿ ಉಣ್ಣುತ್ತ ಅಜ್ಜಿಗೆ ಹೇಳಿದಳು: "ಮೂರು ಸಲ ಕರೀಬೇಕು ಅಂತ ನಂಗೂ ಗೊತ್ತುಂಟು ಅಮ್ಮ. ಉಸಿರು ಒಂದಕ್ಕೇ ಮುಗೀತಿತ್ತು. ನಿಮ್ಮ ಜಾಗದಲ್ಲಿ ನಾನಾದ್ರೂ ಓಗೊಡ್ತಿರ್ಲಿಲ್ಲ."

ಅಜ್ಜಿ ಅವಳ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು.