ಆಚೆ ದಡದ ಟಪಾಲು

"ಹೈಸ್ಕೂಲ್ ದಾಟ್ದೋನೇ ನಮ್ಮಲ್ಲಿಲ್ಲ. ನೀರ್ ನಡುವೆ ಕುಂತಿರೋ ನೀನು ಬಿ.ಎ. ಮಾಡ್ತೀಯೇನ್ಲಾ? ಆಗಾಕಿಲ್ಲ ಬುಡು" ಅಂದಿದ್ದವರು ನಮ್ಮ ದೊಡ್ಡಪ್ಪ. ಆಯಿತು. ನಮ್ಮ ವಂಶದ ಮೊದಲ ಪದವಿ ನನ್ನದೇ. ಆ ಹೆಮ್ಮೆ ಈಗಲೂ ಹೋಗಿಲ್ಲ. ಆದರೆ ಅಕ್ಕ, ಅದಕ್ಕಾಗಿ ನಾನು ನಿನಗೆ ಬಂದಿದ್ದ ಕಾಗದವನ್ನು ಹರಿದು ನೀರಿಗೆ ಹಾಕಿದೆ. ಇಷ್ಟು ವರ್ಷ ಹೇಳಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ — ಬರೆಯದಿದ್ದರೆ ನಾನು ಏನು ಮಾಡಿದೆನೆಂದು ನನಗೇ ಪೂರ್ತಿ ಕಾಣುವುದಿಲ್ಲ. ಕಬಿನಿಗೆ ಕಟ್ಟೆ ಕಟ್ಟಿ ನೀರು ನಿಂತ ಮೇಲೆ ನಮ್ಮ ಪುಟ್ಟ ಹಳ್ಳಿಗೆ ಮೂರು ಕಡೆ ನೀರು, ಒಂದು ಕಡೆ ಕಾಡು. ಉಪ್ಪಿಗೂ ಹರಿಗೋಲು, ಹೆರಿಗೆಗೂ ಹರಿಗೋಲು. ಒಗೆದು ಹಾಕಿದ ಬಟ್ಟೆಯಲ್ಲೂ ಮೀನಿನ ವಾಸನೆ. ಅಪ್ಪನ ಸೊಂಟ ಬಿದ್ದುಹೋದ ಮೇಲೆ ಹರಿಗೋಲಿನ ಹುಟ್ಟು ನಿನ್ನ ಕೈಗೆ ಬಂತು. ಏಳನೇ ಕ್ಲಾಸು ಪಾಸಾಗಿದ್ದವಳು ನೀನು. ಬೆಳಿಗ್ಗೆ ನನ್ನನ್ನು ಆಚೆ ದಡಕ್ಕೆ ಬಿಡುತ್ತಿದ್ದವಳೂ ನೀನೇ, ಸಂಜೆ ನಾನು ಕೂಗಿದಾಗ ಬರುತ್ತಿದ್ದವಳೂ ನೀನೇ. ಗಾಳಿ ಎದ್ದು ಹರಿಗೋಲು ಗಿರಗಿರನೆ ಸುತ್ತುವಾಗ ನಾನು ಪುಸ್ತಕದ ಚೀಲವನ್ನು ತಲೆಯ ಮೇಲೆ ಹೊತ್ತು ಕೂರುತ್ತಿದ್ದೆ. ನಿನಗೆ ನಗು — "ಪುಸ್ತಕ ನೆಂದ್ರೆ ಒಣಗ್ತದೆ. ನೀನ್ ಮುಳುಗಿದ್ರೆ ಯಾರ್ಲಾ ಓದೋರು?"

ಟಪಾಲಿನವರು ನೀರು ದಾಟುತ್ತಿರಲಿಲ್ಲ. ಆಚೆ ದಡದಲ್ಲಿ ನಮ್ಮೂರಿನವರು ಯಾರು ಸಿಕ್ಕರೂ ಅವರ ಕೈಗೆ ಇಡೀ ಊರಿನ ಕಾಗದ ಕೊಟ್ಟು ಹೋಗುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಒಂದು ಸಂಜೆ, ನಾನೇ ಸಿಕ್ಕಿದೆ.

"ನಿಮ್ಮಕ್ಕಂಗೆ ಸರ್ಕಾರದ್ದು ಬಂದದೆ ಕಣಪ್ಪ, ಜ್ವಾಪಾನ" ಅಂದರು.

ದಾದಿಯರ ತರಬೇತಿಗೆ ನೀನೇ ಅರ್ಜಿ ಬರೆದು, ನನ್ನ ಕೈಲೇ ಡಬ್ಬಕ್ಕೆ ಹಾಕಿಸಿದ್ದೆಯಲ್ಲ — ಅದಕ್ಕೇ ಮೈಸೂರಿಗೆ ಕರೆದಿದ್ದರು. ಒಡೆದು ಓದಿದೆ. ನೀನು ಹೋದರೆ ಹುಟ್ಟು ಹಿಡಿಯುವವರು ಯಾರು? ನಾನೇ. ಆಮೇಲೆ ನನ್ನ ಪರೀಕ್ಷೆ — ದೊಡ್ಡಪ್ಪನ ಮಾತು — ತಲೆಗೆ ಬಂದದ್ದು ಅಷ್ಟೇ. ನಿನ್ನ ಹರಿಗೋಲು ದೂರದಲ್ಲಿ ಇನ್ನೂ ತಟ್ಟೆಯಷ್ಟು ಕಾಣುತ್ತಿತ್ತು. ಅದು ದಡ ಮುಟ್ಟುವಷ್ಟರಲ್ಲಿ ಹರಿದು ಹಾಕಿದ್ದೆ.

ಚೂರುಗಳು ಮುಳುಗಲಿಲ್ಲ ಅಕ್ಕ. ಅಲ್ಲೇ ತೇಲುತ್ತಿದ್ದವು. ನೀನು ಹುಟ್ಟಿನಿಂದ ಅವನ್ನು ಪಕ್ಕಕ್ಕೆ ಸರಿಸಿ ಹರಿಗೋಲು ನಿಲ್ಲಿಸಿದೆ.

"ಹತ್ಲಾ, ಕತ್ಲಾಯ್ತದೆ."

ಚಿಕ್ಕವನಿದ್ದೆ, ತಿಳಿಯಲಿಲ್ಲ ಎಂದು ಬರೆಯಲಾರೆ. ತಿಳಿದಿತ್ತು. ಎರಡು ತಿಂಗಳು ದಿನವೂ ನೀನು, "ಟಪಾಲ್ನೋರು ಸಿಕ್ಕಿದ್ರಾ?" ಅಂತ ಕೇಳಿದೆ. ದಿನವೂ ನಾನು ಇಲ್ಲ ಅಂದೆ. ಆಮೇಲೆ ನೀನು ಕೇಳುವುದನ್ನೇ ಬಿಟ್ಟೆ. ನೀನಾಗಿ ಅವರನ್ನು ವಿಚಾರಿಸಿದೆಯೋ — ಅವರು ಏನಾದರೂ ಹೇಳಿದರೋ — ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಬಾಯಿ ನನಗಿರಲಿಲ್ಲ. ನಿನ್ನ ಅಂಗೈ ಜಡ್ಡುಗಟ್ಟಿತು. ನಾನು ಹುಣಸೂರಿನಲ್ಲಿ ಓದಿದೆ. ನನಗೂ ಸಾಕಾಗಿದೆ ಅಕ್ಕ, ಇದನ್ನು ಹೊತ್ತು ಹೊತ್ತು —

ಈ ಬರಹವನ್ನು ಟಪಾಲಿಗೆ ಹಾಕುವುದಿಲ್ಲ. ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ. ಅಂದೇ ಹೇಳಬೇಕಿತ್ತು — ಬಿ.ಎ. ಸರ್ಟಿಫಿಕೇಟು ಹಿಡಿದು ಆಚೆ ದಡದಲ್ಲಿ ನಿಂತು ನಾನು ಕೂಗಿದ ದಿನ. ಅವತ್ತೂ ಬಂದವಳು ನೀನೇ. ನಡುನೀರಿನಲ್ಲಿ ಹುಟ್ಟು ಎತ್ತಿಟ್ಟು, ಕೈಯನ್ನು ಎರಡೆರಡು ಸಲ ಸೆರಗಿಗೆ ಒರೆಸಿಕೊಂಡೆಯಲ್ಲ.

"ಎಲ್ಲಿ, ಕೊಡ್ಲಾ, ನೋಡ್ತೀನಿ."

ಕೊಟ್ಟೆ. ನನ್ನ ಹೆಸರಿನ ಮೇಲೆ ಬೆರಳಿಟ್ಟು, ನಿಧಾನವಾಗಿ, ಪೂರ್ತಿ ಓದಿದೆ ನೀನು.

"ಟಪಾಲಲ್ಲಿ ಬಂತೇನ್ಲಾ?"

"ಇಲ್ಲಕ್ಕ. ಕೈಗೇ ಕೊಟ್ರು."

"ಒಳ್ಳೇದಾಯ್ತು ಬುಡು. ನಮ್ಮೂರಿಗೆ ಟಪಾಲು ಸರಿಯಾಗಿ ಬರಾಕಿಲ್ಲ ಕಣ್ಲಾ."