ಅಕ್ಕೋರು ದನಿ ಏರಿಸಲಿಲ್ಲ

ಹೋದ ವಾರ ರಬಕವಿಯ ಅಂಗಡಿಯಲ್ಲಿ ಹೊಸ ಹತ್ತಿ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಹೆಂಡತಿ ಅಂಚು ನೋಡುತ್ತಿದ್ದಳು, ನಾನು ಬಣ್ಣ ಬಿಟ್ಟೀತೆಂದು ಚಿಂತಿಸುತ್ತಿದ್ದೆ. ಆಗ ನೆನಪಾದವರು ಬನಹಟ್ಟಿಯ ನಮ್ಮ ಓಣಿಯ ಅಂಗನವಾಡಿ ಅಕ್ಕೋರು. ಅವರ ಸೀರೆಗೂ ಇದೇ ವಾಸನೆ. ಸೀರೆಯಷ್ಟೇ ಖಡಕ್ ಸ್ವಭಾವ…

ಆಗ ನನ್ನ ಮಗಳಿಗೆ ಮೂರು ತುಂಬಿತ್ತು. ಉಳಿದ ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂತರೆ ಇವಳು ಕೋಣೆ ಸುತ್ತುತ್ತಿದ್ದಳು. ನಾನು ಕಿಟಕಿಯ ಸರಳು ಹಿಡಿದು ನಿಂತು, ಇವಳು ಮುಂದೆ ಹೇಗೆ ಓದಿಯಾಳು, ಇವಳನ್ನು ಯಾರು ಮದುವೆಯಾದಾರು ಎಂಬಲ್ಲಿಯವರೆಗೂ ಚಿಂತೆ ಮಾಡಿ ಮುಗಿಸುತ್ತಿದ್ದೆ.

ಗೋಡೆಯಾಚೆ ಪವರ್‌ಲೂಮ್. ದಿನವಿಡೀ ಖಟಖಟ. ಮಗ್ಗದ ಮನೆಯಲ್ಲಿ ಕೂಗಿದರೂ ಕೇಳದು. ತುಟಿ ನೋಡಿ ಮಾತು ತಿಳಿಯುವುದು ನಮ್ಮ ರೂಢಿ. ಅಂಬೆಗಾಲಿಡುವಾಗಲೇ ಮಕ್ಕಳಿಗೂ ಅದು ಬಂದಿರುತ್ತದೆ. ಅಕ್ಕೋರು ಅದನ್ನೇ ಹಿಡಿದರು. ಕಥೆಯ ನಡುವೆ ಥಟ್ಟನೆ ದನಿ ನಿಲ್ಲಿಸಿ ಬರೀ ತುಟಿ ಆಡಿಸುವರು. ಕಣ್ಣು ಅತ್ತಿತ್ತ ಹೊರಳಿಸಿದವರಿಗೆ ಕಥೆ ತಪ್ಪುತ್ತಿತ್ತು. ಗದ್ದಲ ಹಾಕುವ ಮಕ್ಕಳೆಲ್ಲ ತೆವಳುತ್ತ ಅವರ ಮೊಣಕಾಲ ಹತ್ತಿರ ಬರುತ್ತಿದ್ದವು.

ಓಣಿಯವರಿಗೆ ಇದು ಸರಿಬರಲಿಲ್ಲ. ಕಾನ್ವೆಂಟಿನ ಮಕ್ಕಳು ಎಬಿಸಿಡಿ ಒದರುವುದು ಊರಿಗೇ ಕೇಳುತ್ತದೆ, ಇಲ್ಲಿ ಅಕ್ಕೋರಿಗೇ ದನಿಯಿಲ್ಲ ಎಂದರು. ಒಂದು ಬೆಳಿಗ್ಗೆ ಓಣಿಯ ಹಿರಿಯರೊಬ್ಬರ ಹಿಂದೆ ಎಲ್ಲರೂ ಅಂಗನವಾಡಿಗೆ ಹೋದೆವು. ಹೌದು, ನಾನೂ. ಕೊನೆಯಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದೆ. ಕೈಯಲ್ಲಿ ಬಡಿಗೆ ಹಿಡಿಯಬೇಕು, ಮಕ್ಕಳನ್ನು ಕೈಕಟ್ಟಿ ಕೂರಿಸಿ ಜೋರಾಗಿ ಹೇಳಿಸಬೇಕು, ಇಲ್ಲವಾದರೆ ಕಾನ್ವೆಂಟಿನ ಗಾಡಿ ಹತ್ತಿಸುತ್ತೇವೆ ಎಂದರು ಹಿರಿಯರು. ಮಕ್ಕಳು ಹೋದರೆ ಅಂಗನವಾಡಿ ಮುಚ್ಚುತ್ತದೆಂಬುದು ಅಕ್ಕೋರಿಗೂ ಗೊತ್ತಿತ್ತು.

“ಕೈ ಕಟ್ಟಿ ಕುಂದ್ರಸಾಕ ಇವೇನು ತುಡುಗು ಮಾಡ್ಯಾವೇನ್ರಿ? ಬಡಿಗಿ ನಾ ಹಿಡಿಯಾಂಗಿಲ್ಲ. ಒಯ್ಯೋರು ಒಯ್ರಿ, ಬಾಗಲಾ ತೆರದೈತಿ. ನಾ ಕಥಿ ಮುಗಸ್ತೇನಿ.”

ಹಾಗೆಂದು ನಮಗೆ ಬೆನ್ನು ಹಾಕಿ ಮಕ್ಕಳ ಕಡೆ ತಿರುಗಿ ಕೂತರು. ಒಬ್ಬೊಬ್ಬರೇ ತಮ್ಮ ಮಕ್ಕಳ ರಟ್ಟೆ ಹಿಡಿದು ಎಬ್ಬಿಸಿದರು. ನಾನೂ ಮಗಳನ್ನು ಹುಡುಕಿದೆ. ಅಂದು ಅವಳು ಸುತ್ತುತ್ತಿರಲಿಲ್ಲ. ಅಕ್ಕೋರ ಎದುರು ನಿಂತು, ಸದ್ದಿಲ್ಲದೆ ಆಡುವ ಅವರ ತುಟಿಯನ್ನೇ ನೋಡುತ್ತಿದ್ದಳು. ಕರೆದೆ. ತಿರುಗದೆಯೇ ಅಂದಳು:

“ಸುಮ್ಮಿರಪಾ. ಹುಲಿ ಬರಾಕತ್ತೈತಿ.”

ಅವಳನ್ನು ಅಲ್ಲೇ ಬಿಟ್ಟು ಬಂದೆ. ಆ ವರ್ಷ ಅರ್ಧ ಚಾಪೆ ಖಾಲಿಯಾಯಿತು. ಅಕ್ಕೋರು ಉಳಿದರ್ಧಕ್ಕೇ ಕಥೆ ಹೇಳಿದರು, ಅದೇ ತುಟಿಯಲ್ಲಿ. ಮುಂದೆ ಕೆಲವು ಮಕ್ಕಳು ಮರಳಿದವು, ಕೆಲವು ಇಲ್ಲ…

ಅಕ್ಕೋರು ತೀರಿಕೊಂಡು ವರ್ಷದ ಮೇಲಾಯಿತು. ಸೀರೆ ತಂದ ಮರುದಿನ ತಮ್ಮನ ಮಗುವನ್ನು ಬಿಡಲು ಅದೇ ಕೋಣೆಗೆ ಹೋದೆ. ಗೋಡೆಯ ಮೇಲೆ ಟಿವಿ, ಅದರಲ್ಲಿ ಕುಣಿಯುವ ಬೆಕ್ಕು. ಮಕ್ಕಳು ರೆಪ್ಪೆ ಬಡಿಯದೆ ಕೂತಿದ್ದವು. ಎಷ್ಟು ಶಾಂತವಾಗಿವೆ ನೋಡಿ ಎಂದರು ಹೊಸ ಟೀಚರು. ನನ್ನ ಬಿಪಿ ಏರಿದರೆ ಏರಲಿ ಎಂದು ರಿಮೋಟ್ ಎತ್ತಿ ಬಂದ್ ಮಾಡಿದೆ. ಅಷ್ಟೂ ಮಕ್ಕಳು ಒಮ್ಮೆಲೇ ಅತ್ತವು.

“ಈಗ ಇವಕ್ಕ ಕಥಿ ಯಾರ್ ಹೇಳ್ತಾರ್ರೀ?” ಎಂದರು ಟೀಚರು.

ಹೇಳುವವರು ಹೋಗಿಬಿಟ್ಟಿದ್ದರು. ನನಗೆ ಒಂದು ಕಥೆಯೂ ನೆಟ್ಟಗೆ ಬಾರದು. ರಿಮೋಟನ್ನು ಜೇಬಿಗಿಳಿಸಿ ಮಕ್ಕಳ ಎದುರು ಚಾಪೆಯ ಮೇಲೆ ಕೂತೆ.